ನಾವು ಕಂಡ ಊರು: ಕೆಟ್ಟಿ ಕಣಿವೆ

ಕಳೆದ ಬೇಸಿಗೆಯಲ್ಲಿ ಎಲ್.ಟಿ.ಸಿ.ಯ ದಯೆಯಿಂದ ನಾವು ಸಕುಟುಂಬರಾಗಿ ನೀಲಗಿರಿಗೆ ಹೋಗಿಬಂದೆವು. ಉದಕಮಂಡಲದ ಕೆರೆ, ಹೂದೋಟಗಳನ್ನು ಬಲ್ಲವರು ಬಹಳ. ಅವನ್ನು ವರ್ಣಿಸುವ ಗೋಜಿಗೆ ನಾವು ಹೋಗುವುದಿಲ್ಲ. ಹತ್ತಿರದ ಕೆಟ್ಟಿಯ ವಿಷಯವನ್ನಷ್ಟೇ ವಾಚಕರ ಮುಂದಿಡುತ್ತೇವೆ.

ಪುಟ್ಟ ರೈಲಿನಿಂದ ಕೆಟ್ಟಿ ನಿಲ್ದಾಣದಲ್ಲಿ ಇಳಿದರೆ ಕೆಳಗೆ ವಿಶಾಲವಾದ ಕಣಿವೆ. ಮೆಟ್ಟಿಲು ಮೆಟ್ಟಿಲಾಗಿ ಗಜ್ಜರಿ, ಕೋಸು, ಆಲೂಗಡ್ಡೆಯ ಹೊಲಗಳು. ನಡುನಡುವೆ ಬಡಗರ ಹಟ್ಟಿಗಳು. ಈ ರೈಲು ಕೂನೂರಿಗೆ ಬಂದದ್ದೇ 1899ರಲ್ಲಿ. ಅದಕ್ಕೂ ಅರ್ಧ ಶತಮಾನ ಮೊದಲು, 1846ರಲ್ಲಿ, ಬಾಸೆಲ್ ಮಿಷನ್ನಿನವರು ಇಲ್ಲಿ ಬಂದು ನೆಲೆಸಿದರು. ಬಡಗರ ಮಕ್ಕಳಿಗಾಗಿ ಶಾಲೆ ನಡೆಸಿದ್ದ ನಿವೃತ್ತ ನ್ಯಾಯಾಧೀಶ ಜಾರ್ಜ್ ಕ್ಯಾಸಮೇಜರ್ 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಮಿಷನ್ನಿಗೆ ಬಿಟ್ಟರು. ಆದರೂ ಮೊದಲ ಬಡಗನ ದೀಕ್ಷಾಸ್ನಾನಕ್ಕೆ 1858ರವರೆಗೆ ಕಾಯಬೇಕಾಯಿತು. ಬೆಟ್ಟದವರು ಅವಸರದವರಲ್ಲ!

ಬಡಗರೆಂದರೆ ಬಡಗಣ ದಿಕ್ಕಿನವರು; ಹಿಂದೆ ಮೈಸೂರು ಸೀಮೆಯಿಂದ ಬೆಟ್ಟ ಹತ್ತಿದವರು. ಅವರ ನುಡಿ ನಮ್ಮ ಕನ್ನಡದ ನೆಂಟ. ಅದಕ್ಕೆ ಸ್ವಂತ ಲಿಪಿಯಿರಲಿಲ್ಲ. 19ನೆಯ ಶತಮಾನದ ಕೊನೆಗೆ ಲೂಕನ ಸುವಾರ್ತೆಯನ್ನು ಆ ನುಡಿಗೆ ತಂದಾಗ ಅಚ್ಚು ಮಾಡಿದ್ದು ನಮ್ಮ ಕನ್ನಡ ಅಕ್ಷರಗಳಲ್ಲಿಯೇ. ಈಗ ಅಲ್ಲಿಯ ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು, ಇಂಗ್ಲಿಷು.

ದಾರಿಬದಿಯಲ್ಲಿ ಒಬ್ಬ ಮುದುಕಿ ಗಜ್ಜರಿ ಮಾರುತ್ತಿದ್ದಳು. ನಮ್ಮ ಮನೆಯವರು ತಮ್ಮ ಕಲಬುರಗಿಯ ಕನ್ನಡದಲ್ಲಿ "ಹ್ಯಾಂಗ ಕೊಡ್ತಿ ಅವ್ವಾ?" ಎಂದರು. ಆಕೆ ಬಡಗದಲ್ಲಿ ಉತ್ತರಿಸಿದಳು. ಅರ್ಧ ತಿಳಿಯಿತು, ಅರ್ಧ ಕೈಸನ್ನೆಯಲ್ಲಿ ತೀರಿತು. ಆಮೇಲೆ ಇಬ್ಬರೂ ಹತ್ತು ನಿಮಿಷ ಮಾತಾಡಿದರು. ಏನು ಮಾತಾಡಿದರೋ! ಮನೆ, ಹಾಲು ಎಂಬ ಮಾತುಗಳು ಮಾತ್ರ ನಮ್ಮ ಕಿವಿಗೆ ಸ್ಪಷ್ಟವಾಗಿ ಬಿದ್ದವು. ಗಜ್ಜರಿ ಎರಡು ಹೆಚ್ಚಿಗೆ ಬಂದವು.

ರೈಲಿಗೆ ಕಾಯುತ್ತ ಆ ಸುವಾರ್ತೆಯ ಸಂಗತಿಯನ್ನು ಮಗನಿಗೆ ಹೇಳಿದೆವು. ಅವನು, "ಆ ಪುಸ್ತಕ ಸಿಕ್ಕರ ನನಗ ಓದಲಿಕ್ಕ ಬರ್ತದೇನಪ್ಪಾ?" ಎಂದು ಕೇಳಿದ. ನಾವು ಸುಮ್ಮನಾದೆವು. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ. ಹೈದರಾಬಾದಿನ ಶಾಲೆಯಲ್ಲಿ ಓದುವುದು ತೆಲುಗು. ತೆಲುಗಿನ ಅಕ್ಷರ ಬಂದವನಿಗೆ ಕನ್ನಡದ್ದೇನು ಮಹಾ, ನಾಳೆ ಕಲಿಸಿದರಾಯಿತು ಎಂದು ನಾವೇ ಐದಾರು ವರ್ಷ ತಳ್ಳಿದ್ದೆವು.

ಊರಿಗೆ ಬಂದಾಗಿನಿಂದ ದಿನವೂ ಸಂಜೆ ಕಚೇರಿಯಿಂದ ಮರಳಿದ ಮೇಲೆ ಅರ್ಧ ಗಂಟೆ ಅವನೊಡನೆ ಕೂಡುತ್ತಿದ್ದೇವೆ. ಮೊನ್ನೆ 'ಬಡಗ' ಎಂದು ಬರೆದು ತೋರಿಸಿದ. ಡಕಾರ, ಗಕಾರಗಳ ತಲೆಯ ಮೇಲೆ ತೆಲುಗಿನ ತಲಕಟ್ಟು ಕುಳಿತಿತ್ತು.