ಹಿಮದಲ್ಲಿ ಆಡಿದ್ದು ಶೌರ್ಯವೇ?

ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನಿಗಳಿಗೆ 1950ರ ನವೆಂಬರ್ 25 ಅಂದರೆ ಇವತ್ತಿಗೂ ಹೆಮ್ಮೆ. ಕೊಲಂಬಸ್ ನಗರದಲ್ಲಿ ಹಿಮಬಿರುಗಾಳಿಯ ನಡುವೆಯೇ ಒಹಾಯೊ ಸ್ಟೇಟ್ ಮತ್ತು ಮಿಶಿಗನ್ ಆಡಿದ 'ಸ್ನೋ ಬೌಲ್' ಅದು. ಐವತ್ತು ಸಾವಿರ ಜನ ನಡುಗುತ್ತಾ ಕೂತು ನೋಡಿದರು. "ನಾನೂ ಅಲ್ಲಿದ್ದೆ" ಅನ್ನುವುದೇ ಒಂದು ಪದಕ.

ಸರಿ ಸ್ವಾಮಿ, ಆದರೆ ಅಲ್ಲಿ ನಡೆದದ್ದು ಆಟವೇ? ಮೈದಾನದ ಗೆರೆಗಳು ಹಿಮದಡಿ ಮುಚ್ಚಿಹೋಗಿದ್ದವು. ಎರಡೂ ತಂಡ ಸೇರಿ 45 ಸಲ ಚೆಂಡನ್ನು ದೂರ ಒದ್ದು ಎದುರಾಳಿಗೇ ಬಿಟ್ಟುಕೊಟ್ಟವು. ಒಂದೇ ಒಂದು ಪಾಸ್ ಕೂಡಿಬರದಿದ್ದರೂ ಮಿಶಿಗನ್ 9-3ರಿಂದ ಗೆದ್ದಿತು! ಅದೇ ಬಿರುಗಾಳಿಗೆ ಆ ದೇಶದಲ್ಲಿ 300ಕ್ಕೂ ಹೆಚ್ಚು ಜನ ಸತ್ತರು. ಪಂದ್ಯದ ಕಥೆ ಹೇಳುವಾಗ ಆ ಲೆಕ್ಕ ಎಷ್ಟು ಜನ ಹೇಳುತ್ತಾರೆ?

ಬಹಳ ವರ್ಷಗಳಿಂದ ಮುಂಬಯಿಯಲ್ಲಿರುವ ನನಗೆ ಈ ರಾಗ ಹೊಸದಲ್ಲ. 2005ರ ಜುಲೈ 26ರ ಮಳೆಯಲ್ಲಿ ಸೊಂಟಮಟ್ಟದ ನೀರಲ್ಲಿ ನಡೆದು ಮನೆ ಸೇರಿ, 'ಮುಂಬಯಿ ಸ್ಪಿರಿಟ್' ಅಂತ ನಾನೂ ಕೊಚ್ಚಿಕೊಂಡವನೇ. ಈಗ ನಾಚಿಕೆಯಾಗುತ್ತದೆ.

ಚಳಿ ಸಹಿಸಿದವರನ್ನು ಹೊಗಳಿ ಹೊಗಳಿ, ಆ ದಿನ ಪಂದ್ಯ ಮುಂದೂಡದವರನ್ನು ಪ್ರಶ್ನಿಸುವುದನ್ನೇ ಮರೆತೆವು. ಅಲ್ವಾ?