177 ಖಾಲಿ ಜಾಗಗಳು

ಡೇಟಾ ಅನಲಿಸ್ಟ್ ಕೆಲಸಕ್ಕೆ ಬೆಂಗಳೂರಿಗೆ ಬರುವ ಹೊಸಬರನ್ನು ಸಂದರ್ಶನದಲ್ಲಿ ‘ನಿಮ್ಮ ಅನುಭವ ಹೇಳಿ’ ಎಂದು ಕೇಳಿದರೆ, ಬಹುಪಾಲು ಮಂದಿ ಒಂದು ಪಟ್ಟಿ ಒಪ್ಪಿಸುತ್ತಾರೆ: ಎಕ್ಸೆಲ್, ಎಸ್‌ಕ್ಯೂಎಲ್, ಪೈಥಾನ್, ಪವರ್ ಬಿಐ. ಅದು ರೆಸ್ಯೂಮೆಯಲ್ಲೇ ಇದೆಯಲ್ಲ! ಕೇಳುವವರಿಗೆ ಬೇಕಾದದ್ದು, ಅಂಕಿಅಂಶ ಕೈಕೊಟ್ಟಾಗ ನೀವು ಏನು ಮಾಡಿದಿರಿ ಎಂಬುದು.

ರೆಸ್ಯೂಮೆಗಳಲ್ಲಿ ಪದೇ ಪದೇ ಕಾಣುವ ಟೈಟಾನಿಕ್ ಹಡಗಿನಲ್ಲಿ ಯಾರು ಬದುಕುಳಿದರೆಂದು ಊಹಿಸುವ ಪ್ರಾಜೆಕ್ಟನ್ನೇ ನೋಡಿ. 1912ರಲ್ಲಿ ಮುಳುಗಿದ ಆ ಹಡಗಿನ 891 ಪ್ರಯಾಣಿಕರ ವಿವರ, ಕಲಿಯುವವರು ಡೇಟಾ ಸಿಗುವ ಜಾಲತಾಣ ಕ್ಯಾಗಲ್‌ನಿಂದ ಇಳಿಸಿಕೊಳ್ಳುವ ಕಡತದಲ್ಲಿದೆ. ಅವರಲ್ಲಿ 177 ಮಂದಿಯ ವಯಸ್ಸೇ ನಮೂದಾಗಿಲ್ಲ. ‘ಸರಾಸರಿ ತುಂಬಿಸಿದೆ’ ಎನ್ನುವುದು ಸಿದ್ಧ ಉತ್ತರ. ಆ ಸರಾಸರಿ ಸುಮಾರು 30. ಆದರೆ ಹೆಸರಿನ ಜೊತೆ ‘ಮಾಸ್ಟರ್’ ಎಂದಿರುವವರೂ ಅಲ್ಲಿದ್ದಾರೆ. ಆ ಕಾಲದ ಇಂಗ್ಲಿಷರು ಚಿಕ್ಕ ಹುಡುಗರನ್ನು ಹಾಗೆ ಬರೆಯುತ್ತಿದ್ದರು. ಅವರಲ್ಲೂ ಕೆಲವರ ವಯಸ್ಸು ಖಾಲಿ. ಸರಾಸರಿ ತುಂಬಿದೊಡನೆ ಪುಟ್ಟ ಪೋರ ಮೂವತ್ತರ ಗಂಡಸಾಗುತ್ತಾನೆ! ದೋಣಿ ಹತ್ತಿಸುವಾಗ ಹೆಂಗಸರು ಮಕ್ಕಳು ಮೊದಲು ಎಂದ ಹಡಗಿನ ಲೆಕ್ಕದಲ್ಲಿ ಇದು ಸಣ್ಣ ತಪ್ಪಲ್ಲ. ಇದನ್ನು ಗಮನಿಸಿ, ಹೆಸರಿನ ಜೊತೆಗಿನ ಸಂಬೋಧನೆ ನೋಡಿ ವಯಸ್ಸು ಅಂದಾಜಿಸಿದವರು, ಪ್ರಾಜೆಕ್ಟ್ ಎಷ್ಟೇ ಹಳಸಲಾಗಿರಲಿ, ತಲೆ ಓಡಿಸಿದ್ದಾರೆ. ಮಾಡೆಲ್ಲಿನ ಅಕ್ಯುರೆಸಿ ಇಷ್ಟು ಬಂತು ಎಂದಷ್ಟೇ ಹೇಳುವವರ ಬಗ್ಗೆ ಹಾಗೆನ್ನಲಾಗದು. (ಈ ಉಪಾಯವೂ ಯೂಟ್ಯೂಬಿನಲ್ಲಿ ಸಿಗುತ್ತದೆ, ನಿಜ. ‘ಯಾಕೆ ಹಾಗೆ ಮಾಡಿದಿರಿ?’ ಎಂದು ಇನ್ನೊಂದು ಪ್ರಶ್ನೆ ಹಾಕಿದರೆ ಬಾಯಿಪಾಠ ಬಯಲಾಗುತ್ತದೆ.)

ಇಂಥ ಅನುಭವ ಕಂಪನಿಯೊಳಗೇ ಸಿಗಬೇಕೆಂದೇನಿಲ್ಲ. ಊರಿನ ಹಾಲಿನ ಡೈರಿಯಲ್ಲಿ ಬೆಳಿಗ್ಗೆ ಸಂಜೆ ಲೀಟರು, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಬರೆಯುತ್ತಾರೆ. ಅದನ್ನು ಎಕ್ಸೆಲ್ಲಿಗೆ ಇಳಿಸಿ, ಒಂದೇ ಹಸುವಿರುವ ಮನೆಯ ಫ್ಯಾಟು ಒಂದು ದಿನ ದುಪ್ಪಟ್ಟಾದದ್ದು ಹೇಗೆ, ಬರೆದವರ ಕೈತಪ್ಪೋ ಎಂದು ಕಾರ್ಯದರ್ಶಿಯನ್ನೇ ಕೇಳಿ ತಿಳಿದುಕೊಂಡ ಹುಡುಗಿಗೆ, ನನ್ನ ಮಟ್ಟಿಗೆ, ಅನುಭವವಿದೆ. ಅಂಥವಳೂ ಸಂದರ್ಶನದಲ್ಲಿ ‘ನಾನು ಫ್ರೆಷರ್ ಸರ್’ ಎಂದು ಸುಮ್ಮನಾದರೆ ನಷ್ಟ ಅವಳಿಗೂ ಕಂಪನಿಗೂ. ಪಕ್ಕದ ಕುರ್ಚಿಯವನು ಗೆಳೆಯನ ಪ್ರಾಜೆಕ್ಟನ್ನು ತನ್ನದೆಂದು ಸರಾಗವಾಗಿ ಹೇಳಿ ಎದ್ದು ಹೋಗಿರುತ್ತಾನೆ. ತಪ್ಪು ಅವಳದಷ್ಟೇ ಅಲ್ಲ. ಎಸ್‌ಕ್ಯೂಎಲ್‌ನಲ್ಲಿ ಲೆಫ್ಟ್ ಜಾಯಿನ್ ಎಂದರೇನು ಎಂಬಂಥ ವ್ಯಾಖ್ಯಾನಗಳನ್ನೇ ಕೇಳಿ ಅಂಕ ಹಾಕುವ ಸಂದರ್ಶಕರು ಬಾಯಿಪಾಠಕ್ಕೇ ಮಣೆ ಹಾಕುತ್ತಿದ್ದಾರೆ.

ಆದ್ದರಿಂದ ಸಂದರ್ಶನಕ್ಕೆ ಹೊರಡುವ ಮುನ್ನ, ನಿಮ್ಮ ಕೆಲಸದಲ್ಲಿ ಯಾವ ಸಾಲು ಅಳಿಸಿದಿರಿ, ಯಾವ ಖಾಲಿ ಜಾಗ ತುಂಬಿದಿರಿ, ಯಾಕೆ ಎಂಬುದನ್ನು ಮನೆಯವರಿಗೆ ಕನ್ನಡದಲ್ಲಿ ಹೇಳಿ ನೋಡಿ. ಅವರಿಗೆ ಅರ್ಥವಾದ ಮೇಲೆ ಇಂಗ್ಲಿಷಿಗೆ ಇಳಿಸಿಕೊಳ್ಳಿ.