ಕಲ್ಲಿನ ಮೇಲೆ, ಗಾಜಿನ ಒಳಗೆ

ಬಸವನಬಾಗೇವಾಡಿಯ ನೆರೆಯ ಇಂಗಳೇಶ್ವರದಲ್ಲಿ ಒಂದು ವಚನ ಶಿಲಾಮಂಟಪವಿದೆ. ಪುಸ್ತಕದ ಪುಟಗಳ ಹಾಗೆ ಸಾಲಾಗಿ ಕಲ್ಲಿನ ಫಲಕಗಳು, ಅವುಗಳ ಮೇಲೆ ಕೆತ್ತಿದ ಶರಣರ ವಚನಗಳು. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೂರು ಇದು ಎಂಬುದು ಸುತ್ತಲಿನ ಹಳ್ಳಿಗಳ ನಂಬಿಕೆ. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಅಕ್ಷರಗಳ ಮೇಲೆ ಬೆರಳಾಡಿಸಿ ಓದುತ್ತಾರೆ. ಅವರಲ್ಲಿ ಒಬ್ಬರಾದರೂ ಕೇಳಬಹುದಾದ ಪ್ರಶ್ನೆ: ಅಂಗೈಯಗಲದ ಫೋನಿನಲ್ಲಿ ಇಡೀ ಗ್ರಂಥಾಲಯವೇ ಹಿಡಿಸುವ ಕಾಲದಲ್ಲಿ ಇಷ್ಟು ಕಷ್ಟಪಟ್ಟು ಕಲ್ಲು ಕೆತ್ತುವುದೇಕೆ?

ಪ್ರಶ್ನೆ ಸರಿಯಾಗಿಯೇ ಇದೆ. ಅದನ್ನು ಇಂದು ಕೇಳುತ್ತಿರುವವರು ಮಕ್ಕಳು ಮಾತ್ರವಲ್ಲ, ಕಂಪ್ಯೂಟರ್ ವಿಜ್ಞಾನಿಗಳೂ ಕೇಳುತ್ತಿದ್ದಾರೆ.

ಶಿಲೆಯ ಆಯುಸ್ಸು ನಮಗೆ ಗೊತ್ತು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನ ಸಾವಿರದ ಇನ್ನೂರು ವರ್ಷ ಕಳೆದರೂ ಉಳಿದಿದೆ. ಓಲೆಗರಿಯದು ಹಾಗಲ್ಲ. ಕಂಠದಿಂದ ಕೊರೆದು, ಮಸಿ ಸವರಿ ಬರೆದ ಗರಿಗೆ ಗೆದ್ದಲು, ಬೂಷ್ಟು, ಬೆಂಕಿ ಎಲ್ಲವೂ ಶತ್ರುಗಳು. ಹನ್ನೆರಡನೇ ಶತಮಾನದ ವಚನಗಳು ನಮ್ಮ ಕೈಗೆ ಬಂದದ್ದು ಆಗಿನ ಓಲೆಗಳು ಉಳಿದದ್ದರಿಂದಲ್ಲ. ಮುಂದಿನ ತಲೆಮಾರುಗಳು ಮತ್ತೆ ಮತ್ತೆ ನಕಲು ಮಾಡಿದ್ದರಿಂದ. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಊರೂರು ಅಲೆದು ಇಂಥ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಅಚ್ಚು ಹಾಕಿಸಿದರು. ಮುಂದೆ ಇದ್ದ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ಅವರು ಹೋಗಿ ಕೇಳುವ ಮೊದಲೇ ಎಷ್ಟು ಮನೆಗಳ ಅಟ್ಟದ ಮೇಲೆ ಎಷ್ಟು ಕಟ್ಟುಗಳು ಹುಡಿಯಾಗಿದ್ದವೋ!

ಈಗ ಒಂದು ಸಣ್ಣ ಲೆಕ್ಕ. ಸಿಕ್ಕಿರುವ ವಚನಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಸಾಮಾನ್ಯವಾಗಿ ಮೂರು ಬೈಟ್ ಜಾಗ ಬೇಕು. ‘ಶಾಸ್ತ್ರ’ ಎಂಬ ಪುಟ್ಟ ಪದದಲ್ಲಿ ದೀರ್ಘ, ಒತ್ತು ಎಲ್ಲ ಸೇರಿ ಏಳು ಸಂಕೇತಗಳಿವೆ. ಎಂದರೆ 21 ಬೈಟ್. ಒಂದು ವಚನಕ್ಕೆ ಸರಾಸರಿ 300 ಸಂಕೇತ ಎಂದು ಅಂದಾಜು ಮಾಡಿದರೆ ಇಡೀ ವಚನ ಸಾಹಿತ್ಯ ಹದಿನೆಂಟು ಮೆಗಾಬೈಟಿನ ಆಸುಪಾಸಿನಲ್ಲಿ ಮುಗಿಯಿತು! ಹಿಂದಿನ ಕಾಲದ ಫ್ಲಾಪಿಗಳಾದರೆ ಹದಿಮೂರು ಸಾಕಿತ್ತು.

ಆದರೆ ಆ ಹದಿಮೂರು ಫ್ಲಾಪಿಗಳನ್ನು ಇಂದು ಯಾವ ಅಂಗಡಿಗೆ ಒಯ್ದು ಓದಿಸುತ್ತೀರಿ? ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಐದಾರು ವರ್ಷ ಕೆಲಸ ಮಾಡಿದರೆ ದೊಡ್ಡದು. ಕಾಂತೀಯ ಟೇಪು ಚೆನ್ನಾಗಿ ಕಾಪಾಡಿದರೆ ಮೂವತ್ತು ವರ್ಷ. ವಸ್ತು ಉಳಿದರೂ ಓದುವ ಯಂತ್ರ ಉಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ ನಡೆದ ಪ್ರಸಂಗ ಕೇಳಿ. 1086ರಲ್ಲಿ ಅಲ್ಲಿನ ರಾಜ ‘ಡೂಮ್ಸ್‌ಡೇ’ ಎಂಬ ದೊಡ್ಡ ಭೂಲೆಕ್ಕದ ಪುಸ್ತಕ ಬರೆಸಿದ್ದ. ಅದರ ಒಂಬೈನೂರನೇ ವರ್ಷದ ನೆನಪಿಗೆ ಬಿಬಿಸಿ ಸಂಸ್ಥೆ 1986ರಲ್ಲಿ ಶಾಲಾಮಕ್ಕಳನ್ನೂ ಸೇರಿಸಿಕೊಂಡು ಊರೂರ ವಿವರ ಕೂಡಿಸಿ ಲೇಸರ್ ಡಿಸ್ಕಿಗೆ ತುಂಬಿಸಿತು. ಹದಿನೈದೇ ವರ್ಷದಲ್ಲಿ ಆ ಡಿಸ್ಕ್ ಓದುವ ಯಂತ್ರಗಳೇ ಅಪರೂಪವಾಗಿ, ಅದನ್ನು ಬದುಕಿಸಲು ಬೇರೊಂದು ಸಂಶೋಧನೆಯೇ ನಡೆಯಬೇಕಾಯಿತು. 1086ರ ಚರ್ಮದ ಹಾಳೆಗಳನ್ನು ಇಂದಿಗೂ ಓದಬಹುದು.

ನಮ್ಮಲ್ಲೂ ಇದೇ ಕಥೆ. ಯೂನಿಕೋಡಿಗೆ ಮೊದಲು ಕನ್ನಡಕ್ಕೆ ಒಬ್ಬೊಬ್ಬರದು ಒಂದೊಂದು ಫಾಂಟು. ಆ ಫಾಂಟಿಲ್ಲದೆ ಕಡತ ತೆರೆದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಮನೆಯಲ್ಲಿ ಅಪ್ಪನೋ ಅಜ್ಜನೋ ಆಗ ಟೈಪು ಮಾಡಿಸಿಟ್ಟ ಬರಹವಿದ್ದರೆ, ಪರಿವರ್ತಕ ತಂತ್ರಾಂಶ ಸಿಗುವ ಈ ದಿನಗಳಲ್ಲೇ ಯೂನಿಕೋಡಿಗೆ ತರುವುದು ಜಾಣತನ.

ಇನ್ನು ಉಡುಪಿಯ ಕಥೆ. ಮಧ್ವಾಚಾರ್ಯರ ‘ಸರ್ವಮೂಲ’ ಗ್ರಂಥಗಳ ಸುಮಾರು 700 ವರ್ಷದ ಓಲೆಗಳು ಕಪ್ಪಾಗಿ, ಬಿರುಕು ಬಿಟ್ಟು, ಕೆಲವು ಕಡೆ ಬರಿಗಣ್ಣಿಗೆ ಓದಲಾರದ ಸ್ಥಿತಿಗೆ ಬಂದಿದ್ದವು. ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರಾದ ಪಿ.ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಈ ಓಲೆಗಳ ಚಿತ್ರವನ್ನು ಅವಕೆಂಪು ಕಿರಣಗಳಲ್ಲಿ ತೆಗೆದರು. ಗುಟ್ಟು ಸರಳ. ಮಸಿಯಲ್ಲಿರುವುದು ಇಂಗಾಲ, ಅದು ಕಣ್ಣಿಗೆ ಕಾಣುವ ಬೆಳಕನ್ನೂ ಅವಕೆಂಪನ್ನೂ ಒಂದೇ ಸಮನೆ ನುಂಗುತ್ತದೆ. ಮುಪ್ಪಾಗಿ ಕಂದಿದ ಗರಿಯಾದರೋ ಅವಕೆಂಪನ್ನು ಅಷ್ಟಾಗಿ ನುಂಗುವುದಿಲ್ಲ. ಹಾಗಾಗಿ ಆ ಬೆಳಕಿನಲ್ಲಿ ಗರಿ ಬೆಳ್ಳಗಾಗುತ್ತದೆ, ಅಕ್ಷರ ಕಪ್ಪಗೆ ಎದ್ದು ನಿಲ್ಲುತ್ತದೆ. ಈ ಸುದ್ದಿ ಹೊರಬಿದ್ದದ್ದು 2006ರಲ್ಲಿ. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತುಂಬಿಟ್ಟರೆ ಸಾಲದೆಂದು ಅವನ್ನು ಸಿಲಿಕಾನ್ ಬಿಲ್ಲೆಗಳ ಮೇಲೆ ಕೊರೆಯುವ ಕೆಲಸಕ್ಕೂ ಅವರು ಕೈಹಾಕಿದರು. ಸಿಲಿಕಾನ್ ಬೆಂಕಿ, ನೀರಿಗೆ ಸುಲಭವಾಗಿ ಸೋಲುವುದಿಲ್ಲ. ಅದರ ಮೇಲೆ ಕೊರೆದದ್ದು ಸೊನ್ನೆ ಒಂದುಗಳಲ್ಲ, ಓಲೆಯ ಪುಟ್ಟ ಚಿತ್ರವೇ. ಭೂತಗನ್ನಡಿಯಂಥ ಸಾಧನವಿದ್ದರೆ ಓದಬಹುದು.

ಇದಕ್ಕಿಂತ ಮುಂದಿನ ಹೆಜ್ಜೆ ಗಾಜಿನದು. ಮೈಕ್ರೋಸಾಫ್ಟ್ ಕಂಪನಿ 2019ರಲ್ಲಿ ಏಳೂವರೆ ಸೆಂಟಿಮೀಟರ್ ಚೌಕದ, ಎರಡು ಮಿಲಿಮೀಟರ್ ದಪ್ಪದ ಸ್ಫಟಿಕಗಾಜಿನ ತುಂಡಿನಲ್ಲಿ ಇಡೀ ‘ಸೂಪರ್‌ಮ್ಯಾನ್’ ಚಲನಚಿತ್ರವನ್ನು ಅಡಗಿಸಿ ತೋರಿಸಿತು, ಒಟ್ಟು 75.6 ಗಿಗಾಬೈಟ್. ನಮ್ಮ ಲೆಕ್ಕದ ವಚನ ಸಾಹಿತ್ಯ ಆ ತುಂಡಿನಲ್ಲಿ ನಾಲ್ಕು ಸಾವಿರ ಸಲ ಹಿಡಿಸೀತು. ಅತಿ ಕ್ಷಣಿಕವಾದ ಲೇಸರ್ ಮಿಡಿತಗಳು ಗಾಜಿನ ಹೊಟ್ಟೆಯೊಳಗೆ, ಪದರಪದರವಾಗಿ ಕಣ್ಣಿಗೆ ಕಾಣದ ಚುಕ್ಕೆಗಳನ್ನು ಮೂಡಿಸುತ್ತವೆ. ಹಾಯಿಸಿದ ಬೆಳಕು ಒಂದೊಂದು ಚುಕ್ಕೆಯಲ್ಲೂ ಹೇಗೆ ತಿರುಚಿಕೊಳ್ಳುತ್ತದೆ ಎಂಬುದನ್ನು ಸೂಕ್ಷ್ಮದರ್ಶಕ ನೋಡಿ, ಕಂಪ್ಯೂಟರ್ ಓದಿ ಹೇಳುತ್ತದೆ. ಇಂಗಳೇಶ್ವರದ ಶಿಲ್ಪಿ ಉಳಿಯಿಂದ ಮಾಡಿದ ಕೆಲಸವೇ ಇದು, ಉಳಿ ಮಾತ್ರ ಬೆಳಕಿನದು! ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ತಂಡ ತಯಾರಿಸಿದ ಇಂಥದೇ ಬಿಲ್ಲೆ 1000 ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ತಾಳುತ್ತದಂತೆ. ಕೋಟ್ಯಂತರ ವರ್ಷ ಬಾಳುತ್ತದೆಂಬ ಅವರ ಮಾತು ಲೆಕ್ಕಾಚಾರದಿಂದ ಬಂದದ್ದು, ಯಾರೂ ಕಾದು ನೋಡಿದ್ದಲ್ಲ.

ಡಿಎನ್‌ಎ ದಾರಿಯೂ ಒಂದಿದೆ. ಜೀವಕೋಶದ ಬರಹಕ್ಕೆ ನಾಲ್ಕೇ ಅಕ್ಷರ. ಒಂದು ಅಕ್ಷರಕ್ಕೆ ಎರಡು ಬಿಟ್ ಎಂದರೆ ನಮ್ಮ ವಚನಗಳಿಗೆ ಏಳು ಕೋಟಿ ಚಿಲ್ಲರೆ ಅಕ್ಷರ ಬೇಕು. ಕಣ್ಣಿಗೆ ಬೀಳದಷ್ಟು ಧೂಳು ಸಾಕು. 2013ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಶೇಕ್ಸ್‌ಪಿಯರನ 154 ಸಾನೆಟ್ಟುಗಳನ್ನು ಹೀಗೆ ಬರೆದು ಓದಿ ತೋರಿಸಿದರು. ಆಗಿನ ಖರ್ಚು ಒಂದು ಮೆಗಾಬೈಟಿಗೆ 12 ಸಾವಿರ ಡಾಲರಿಗೂ ಮೇಲೆ. ಆ ದರದಲ್ಲಿ ವಚನಗಳಿಗೆ ಎರಡು ಲಕ್ಷ ಡಾಲರ್ ದಾಟುತ್ತಿತ್ತು. ಸದ್ಯಕ್ಕೆ ಮಠಕ್ಕಾಗಲಿ ಗ್ರಂಥಾಲಯಕ್ಕಾಗಲಿ ಎಟುಕುವ ದಾರಿ ಇದಲ್ಲ.

ಗಾಜಿಗೂ ಒಂದು ತೊಡಕು ಉಳಿದೇ ಇದೆ. ಸಾವಿರ ವರ್ಷದ ನಂತರ ಆ ತುಂಡು ಯಾರ ಕೈಗೋ ಸಿಕ್ಕರೆ, ಅದರೊಳಗೆ ಬರಹವಿದೆ ಎಂದು ತಿಳಿಯುವುದು ಹೇಗೆ? ಯಾವ ಚುಕ್ಕೆ ‘ಬ’, ಯಾವುದು ‘ಸ’? ಸೌತಾಂಪ್ಟನ್ನಿನವರು 2024ರಲ್ಲಿ ಮನುಷ್ಯನ ಜೀನೋಮನ್ನು ಸ್ಫಟಿಕದಲ್ಲಿ ತುಂಬಿದಾಗ ಇದನ್ನು ಯೋಚಿಸಿದ್ದರು. ಅದರೊಳಗೇ ಮೂಲಧಾತುಗಳು, ಡಿಎನ್‌ಎಯ ನಾಲ್ಕು ಅಕ್ಷರಗಳು ಇವನ್ನೆಲ್ಲ ಚಿತ್ರಗಳಾಗಿ ಕೆತ್ತಿ, ಓದುವವರಿಗೆ ಬೀಗದ ಕೈ ಕೊಟ್ಟಿದ್ದಾರೆ. ಆ ಸ್ಫಟಿಕ ಈಗ ಆಸ್ಟ್ರಿಯದ ಹಾಲ್‌ಸ್ಟಾಟ್ ಎಂಬ ಊರಿನ ಉಪ್ಪಿನ ಗಣಿಯೊಳಗೆ, ಕತ್ತಲಲ್ಲಿದೆ. ಇಂಗಳೇಶ್ವರದ ಫಲಕಗಳು ಹಗಲು ಬೆಳಕಿನಲ್ಲಿವೆ; ಕನ್ನಡ ಓದಲು ಬಂದರೆ ಸಾಕು.